ಮೂರು ಗಂಟೆಯಿಂದ ಸರ್ವರ್ ಡೌನ್: ಇಂಗ್ಲಿಷ್‌ನಲ್ಲಿ ಟೈಮ್ ಹೇಳುವಾಗ ಟೆನ್ಸ್ ಎಲ್ಲಿ ಕೈ ಕೊಡುತ್ತೆ, ಹೇಗೆ ಹಿಡಿಯೋದು

ಮೊದಲು ನನ್ನ ಕಥೆ ಹೇಳ್ಬಿಡ್ತೀನಿ, ಈ ಕೈಪಿಡಿ ಹುಟ್ಟಿದ್ದೇ ಅದರಿಂದ. ಆಗ ನಾನು ಒಂದು ಸಪೋರ್ಟ್ ಟೀಮಲ್ಲಿದ್ದೆ, ಶುಕ್ರವಾರ ಸಂಜೆ ಆರು ಗಂಟೆಗೆ ಶಿಫ್ಟಿಗೆ ಬಂದು ನೋಡಿದ್ರೆ ಒಂದು ಸರ್ವರ್ ಸತ್ತು ಮಲಗಿದೆ, ಮಧ್ಯಾಹ್ನ ಮೂರರಿಂದ ಹಾಗೇ ಇದೆ, ಯಾರೂ ನೋಡಿಲ್ಲ. ತಲೇಲಿ ಬಂದ ವಾಕ್ಯ 'ಸರ್ವರ್ ಮೂರು ಗಂಟೆಯಿಂದ ಡೌನ್ ಆಗಿದೆ'. ಬೆರಳು ಟೈಪ್ ಮಾಡಿದ್ದು 'ದಿ ಸರ್ವರ್ ವಾಸ್ ಡೌನ್ ಫಾರ್ ತ್ರೀ ಅವರ್ಸ್, ಪ್ಲೀಸ್ ಚೆಕ್'. ಸರ್ವರ್ ರಿಪೇರಿ ಮಾಡೋ ಟೀಮಿನ ಕಡೆಯಿಂದ ಬಹಳ ಮರ್ಯಾದೆಯಿಂದ ಉತ್ತರ ಬಂತು, ಥ್ಯಾಂಕ್ಸ್, ಕಾರಣ ಏನು ಅಂತ ಸೋಮವಾರ ನೋಡ್ತೀವಿ ಅಂತ. ಟಿಕೆಟ್, ಅಂದ್ರೆ ನಮ್ಮ ದೂರಿನ ದಾಖಲೆ, ಅದರ ಪ್ರಯಾರಿಟಿನೂ ಇಳಿಸಿದ್ರು. ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ, ಒಳಗೊಳಗೇ ಬೈಕೊಂಡೆ ಬೇರೆ. ರಾತ್ರಿ ಒಂಬತ್ತಕ್ಕೆ ಟೀಮಲ್ಲಿ ಇನ್ನೊಬ್ರು ಫೋನ್ ಮಾಡಿ 'ಅದು ಈಗ್ಲೂ ಡೌನೇ ಇದೆ' ಅಂದ ಮೇಲೇನೇ ಆ ಕಡೆಯವರು ಎದ್ದು ಓಡಿದ್ದು.

ತಪ್ಪು ನಂದೇ. ಇಂಗ್ಲಿಷ್ ಓದೋರಿಗೆ 'ವಾಸ್ ಡೌನ್ ಫಾರ್ ತ್ರೀ ಅವರ್ಸ್' ಅಂದ್ರೆ ಮೂರು ಗಂಟೆ ಬಿದ್ದಿತ್ತು, ಆಮೇಲೆ ಎದ್ದಿದೆ, ಕಥೆ ಮುಗೀತು. ನಾನು ಬರೀಬೇಕಾಗಿದ್ದು 'ಹ್ಯಾಸ್ ಬೀನ್ ಡೌನ್ ಫಾರ್ ತ್ರೀ ಅವರ್ಸ್'. ಮಜಾ ಏನಂದ್ರೆ ನಾನು ಬರೆದ ವಾಕ್ಯದಲ್ಲಿ ಗ್ರಾಮರ್ ತಪ್ಪು ಒಂದೂ ಇಲ್ಲ, ಚೆಕರ್ ಕೆಂಪು ಗೆರೆ ಎಳೀಲಿಲ್ಲ, ಎಳೆಯೋಕೆ ಕಾರಣನೂ ಇರ್ಲಿಲ್ಲ.

ಅದಕ್ಕೇ ಈ ದೋಷನ ಎರಡು ಜಾತಿ ಮಾಡಿ ನೋಡ್ಬೇಕು. ಒಂದು ಸದ್ದು ಮಾಡೋ ದೋಷ, 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅಂತಾರಲ್ಲ, ಅದು ಕೇಳಿದ ತಕ್ಷಣ ತಪ್ಪು ಅಂತ ಗೊತ್ತಾಗುತ್ತೆ, ಆದ್ರೆ ಅರ್ಥ ಕೆಡಲ್ಲ, ಯಾರೂ ಸಾಯಲ್ಲ. ಇನ್ನೊಂದು ಸದ್ದಿಲ್ಲದ ದೋಷ, ವಾಕ್ಯ ಸರಿಯಾಗೇ ಇರುತ್ತೆ, ಅರ್ಥ ಮಾತ್ರ ಬೇರೆ ಊರಿಗೆ ಹೋಗಿರುತ್ತೆ. ಶಾಲೇಲಿ ಮೊದಲನೇದಕ್ಕೆ ಮಾತ್ರ ಮಾರ್ಕ್ಸ್ ಕಟ್ ಮಾಡ್ತಾರೆ, ಆದ್ರೆ ಕೆಲಸದಲ್ಲಿ ತಿವಿಯೋದು ಎರಡನೇದು.

ಮೊದಲ ಚೆಕ್: ವರ್ಬ್ ಮುಚ್ಚಿ, ಟೈಮ್ ಮಾತ್ರ ನೋಡಿ

ಹನ್ನೆರಡು ಟೆನ್ಸ್ ಟೇಬಲ್ ಉರು ಹೊಡೆದಿದ್ದು ಎಲ್ಲರಿಗೂ ನೆನಪಿರುತ್ತೆ, ಅದು ಇಲ್ಲಿ ಕೆಲಸಕ್ಕೆ ಬರಲ್ಲ, ಯಾಕಂದ್ರೆ ಆ ಟೇಬಲಲ್ಲಿ ವರ್ಬ್ ಮಾತ್ರ ಇತ್ತು, ಟೈಮ್ ಪದ ಇರ್ಲಿಲ್ಲ. ನೀವು ಉಲ್ಟಾ ಮಾಡಿ. ವರ್ಬ್ ಮೇಲೆ ಬೆರಳಿಟ್ಟು ಮುಚ್ಚಿ, ಟೈಮ್ ಹೇಳೋ ಪದ ಮಾತ್ರ ಓದಿ, ಒಂದೇ ಪ್ರಶ್ನೆ ಕೇಳಿ: ಈ ಹೊತ್ತಿನ ಬಾಗಿಲು ಹಾಕಿದೆಯಾ, ಇನ್ನೂ ತೆಗೆದಿದೆಯಾ?

ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2011, ಇವೆಲ್ಲಾ ಹಾಕಿದ ಬಾಗಿಲು. ಒಳಗೆ ಏನೇ ಆಗಿರ್ಲಿ ಸಿಂಪಲ್ ಪಾಸ್ಟ್ (ವೆಂಟ್, ಸಾ, ರೋಟ್ ಥರದ ಬರೀ ಭೂತಕಾಲ), ಹ್ಯಾವ್ ಹತ್ರ ಬರೋ ಹಾಗಿಲ್ಲ. ಸಿನ್ಸ್ 2011, ಸೋ ಫಾರ್, ಟಿಲ್ ನೌ, ಯೆಟ್, ಇನ್ ದಿ ಲಾಸ್ಟ್ ಟೂ ವೀಕ್ಸ್, ಇವುಗಳ ಒಂದು ತುದಿ ಈ ಕ್ಷಣಕ್ಕೆ ಅಂಟಿಕೊಂಡಿರುತ್ತೆ, ಬಾಗಿಲು ತೆಗೆದೇ ಇದೆ, ಅಲ್ಲಿ ಹ್ಯಾವ್ ಬೇಕು. ಲಾಸ್ಟ್ ವೀಕ್ ಬೇರೆ, ಇನ್ ದಿ ಲಾಸ್ಟ್ ವೀಕ್ ಬೇರೆ, ಇದನ್ನ ಗಮನಿಸಿ. ಮೊದಲನೇದು ಕ್ಯಾಲೆಂಡರಿನ ಹೋದ ವಾರ, ಎರಡನೇದು ಈಗಿಂದ ಹಿಂದಕ್ಕೆ ಎಣಿಸಿದ ಏಳು ದಿನ.

ನಮ್ಮ ಮೆಟ್ರೋ ತಗೊಳ್ಳಿ. ಬೆಂಗಳೂರಲ್ಲಿ ಅದು ಶುರುವಾಗಿದ್ದು 2011ರ ಅಕ್ಟೋಬರ್‌ನಲ್ಲಿ. 'ದಿ ಮೆಟ್ರೋ ಸ್ಟಾರ್ಟೆಡ್ ಇನ್ 2011' ಸರಿ. 'ಹ್ಯಾಸ್ ಸ್ಟಾರ್ಟೆಡ್ ಇನ್ 2011' ತಪ್ಪು, ಬಾಗಿಲು ಹಾಕಿದೆ. 'ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ 2011' ಸರಿ, ಇವತ್ತೂ ಓಡ್ತಾ ಇದೆ. 'ಈಸ್ ರನ್ನಿಂಗ್ ಸಿನ್ಸ್ 2011' ಅನ್ನೋದು ನಮ್ಮೆಲ್ಲರ ಬಾಯಲ್ಲಿ ಬರೋದು, ಅದರ ಬೇರು ಎಲ್ಲಿದೆ ಅಂತ ಆಮೇಲೆ ನೋಡೋಣ.

ಟೈಮ್ ಪದನೇ ಇಲ್ಲದಿದ್ರೂ ಬಾಗಿಲು ಹಾಕಿರಬಹುದು. 'ಬೇಂದ್ರೆ ಹ್ಯಾಸ್ ರಿಟನ್ ಮೆನಿ ಪೊಯಮ್ಸ್' ಅಂತ ಬರೆದ್ರೆ ಇಂಗ್ಲಿಷ್ ಕಿವಿಗೆ ಬೇಂದ್ರೆ ಇನ್ನೂ ಸಾಧನಕೇರಿ ಮನೇಲಿ ಕೂತು ಬರೀತಾ ಇದ್ದಾರೆ ಅನ್ಸುತ್ತೆ. ಅವರು 1981ರಲ್ಲಿ ಹೋದರು, ಆದ್ದರಿಂದ 'ರೋಟ್'. ಆದ್ರೆ 'ಕನ್ನಡ ಹ್ಯಾಸ್ ವನ್ ಏಯ್ಟ್ ಜ್ಞಾನಪೀಠ್ಸ್' ಸರಿಯಾಗೇ ಇದೆ, ಯಾಕಂದ್ರೆ ಕನ್ನಡದ ಖಾತೆ ಇನ್ನೂ ಕ್ಲೋಸ್ ಆಗಿಲ್ಲ, ನಾಳೆ ಒಂಬತ್ತನೇದು ಬರಬಹುದು.

ಫಾರ್ ಅನ್ನೋದನ್ನ ಮಾತ್ರ ನಂಬಬೇಡಿ. ಅದು ಬರೀ ಅಳತೆ ಪಟ್ಟಿ, ಎಷ್ಟು ಉದ್ದ ಅಂತ ಹೇಳುತ್ತೆ, ಎಲ್ಲಿ ಇಟ್ಟಿದ್ದಾರೆ ಅಂತ ಹೇಳಲ್ಲ. ವಾಸ್ ಡೌನ್ ಫಾರ್ ತ್ರೀ ಅವರ್ಸ್, ಹ್ಯಾಸ್ ಬೀನ್ ಡೌನ್ ಫಾರ್ ತ್ರೀ ಅವರ್ಸ್, ವಿಲ್ ಬಿ ಡೌನ್ ಫಾರ್ ತ್ರೀ ಅವರ್ಸ್, ಮೂರೂ ಸರಿ, ಮೂರೂ ಬೇರೆ. ನಾನು ಬಿದ್ದಿದ್ದು ಇಲ್ಲೇ. ಅದಕ್ಕೇ ಈಗ ಇಂಥ ಮೇಲಲ್ಲಿ ಕೊನೆಗೆ 'ಸ್ಟಿಲ್ ಡೌನ್' ಅಂತ ಎರಡು ಪದ ಕಡ್ಡಾಯ ಸೇರಿಸ್ತೀನಿ, ಟೆನ್ಸ್ ತಪ್ಪಿದ್ರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆಗದೇ ಇರ್ಲಿ ಅಂತ.

ದಿಸ್ ಮಾರ್ನಿಂಗ್, ಟುಡೇ, ದಿಸ್ ವೀಕ್ ಗಡಿಯಾರ ನೋಡಿ ಬಣ್ಣ ಬದಲಾಯಿಸ್ತವೆ. ಬೆಳಿಗ್ಗೆ ಹತ್ತಕ್ಕೆ 'ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್', ಮೂರನೇದಕ್ಕೆ ಇನ್ನೂ ಚಾನ್ಸಿದೆ. ಅದೇ ಸಂಜೆ ನಾಲ್ಕಕ್ಕೆ 'ಐ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್'.

ಬೇರು ಎಲ್ಲಿದೆ: ನಮ್ಮ 'ಇಂದ'

ಈಗ ಸದ್ದು ಮಾಡೋ ದೋಷಕ್ಕೆ ಬರೋಣ. 'ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ.' ಕನ್ನಡದಲ್ಲಿ ಇದರಲ್ಲಿ ಏನೂ ಕೊರತೆ ಇಲ್ಲ. ಶುರು ಎಲ್ಲಿ ಅನ್ನೋದನ್ನ 'ಇಂದ' ಹೊತ್ಕೊಂಡಿದೆ, ಈಗ್ಲೂ ನಡೀತಿದೆ ಅನ್ನೋದನ್ನ 'ಇದ್ದೀನಿ' ಹೊತ್ಕೊಂಡಿದೆ, ಇಬ್ಬರೂ ಹೆಗಲು ಕೊಟ್ಟು ಭಾರ ಹಂಚ್ಕೊಂಡಿದ್ದಾರೆ. ಇಂಗ್ಲಿಷಲ್ಲಿ ಸಿನ್ಸ್ ಇದ್ರೂ ವರ್ಬ್ ಎರಡು ತುದಿನೂ ಹೊರಬೇಕು, ಹ್ಯಾವ್ ಹಿಂದಿನ ತುದಿ, ಬೀನ್ ವರ್ಕಿಂಗ್ ಈ ಕಡೆ ತುದಿ. ನಾವು ಕನ್ನಡದ ಲೆಕ್ಕದಲ್ಲೇ ಆಮ್ ವರ್ಕಿಂಗ್ ಅಂತ ಹಾಕಿ ಕೈ ತೊಳ್ಕೋತೀವಿ. ನಾವು ದಡ್ಡರು ಅಂತೇನಲ್ಲ, ಫ್ರೆಂಚಲ್ಲೂ ಜರ್ಮನ್ನಲ್ಲೂ ಇಂಥ ಕಡೆ ವರ್ತಮಾನ ಕಾಲನೇ ಬರೋದು, ಅವರೂ ಇಂಗ್ಲಿಷ್ ಕಲಿಯುವಾಗ ಇದೇ ಗುಂಡಿಗೆ ಬೀಳ್ತಾರೆ.

ಎರಡನೇ ತೊಂದರೆ, ಸಿನ್ಸೂ ಫಾರೂ ಎರಡಕ್ಕೂ ನಮ್ಮಲ್ಲಿ ಒಂದೇ 'ಇಂದ'. 'ಮೂರು ಗಂಟೆಯಿಂದ ಕಾಯ್ತಾ ಇದ್ದೀನಿ' ಅಂತ ಯಾರಾದ್ರೂ ಬೈದ್ರೆ ಮೂರು ಹೊಡೆದಾಗಿಂದ ಕಾಯ್ತಿದ್ದಾರೋ, ಮೂರು ತಾಸು ಕಾದಿದ್ದಾರೋ, ಮುಖ ನೋಡಿನೇ ತಿಳ್ಕೋಬೇಕು. ಟೆಸ್ಟ್ ಸುಲಭ ಇದೆ. ಆ ಪದ ಯಾವ ಪ್ರಶ್ನೆಗೆ ಉತ್ತರ ಅಂತ ಕನ್ನಡದಲ್ಲೇ ಕೇಳ್ಕೊಳ್ಳಿ. 'ಯಾವಾಗಿಂದ?' ಅಂದ್ರೆ ಸಿನ್ಸ್. 'ಎಷ್ಟು ಹೊತ್ತಿಂದ, ಎಷ್ಟು ದಿನದಿಂದ?' ಅಂದ್ರೆ ಫಾರ್. ಸೋಮವಾರದಿಂದ, ಚಿಕ್ಕಂದಿನಿಂದ, ಮದುವೆ ಆದಾಗಿಂದ, ಎಲ್ಲಾ ಯಾವಾಗಿಂದ. ಐದು ವರ್ಷದಿಂದ, ಬಹಳ ದಿನದಿಂದ, ಎಲ್ಲಾ ಎಷ್ಟು ದಿನದಿಂದ. ಇದು ನಂಗೆ ಇಲ್ಲೀವರೆಗೂ ಕೈ ಕೊಟ್ಟಿಲ್ಲ.

ಹಾಗೆ ಫ್ರಮ್ ಅನ್ನೋದನ್ನೂ 'ಇಂದ'ಕ್ಕೆ ತಗುಲಿಹಾಕ್ತಾರೆ, 'ಐ ಆಮ್ ಹ್ಯಾವಿಂಗ್ ಫೀವರ್ ಫ್ರಮ್ ಮಂಡೇ'. ಸೋಮವಾರ ಶುರುವಾಗಿ ಇವತ್ತೂ ಇದ್ರೆ 'ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಮಂಡೇ'. ಫ್ರಮ್ ಬೇಕಂದ್ರೆ ಅದಕ್ಕೆ ಇನ್ನೊಂದು ತುದಿ ಕೊಡಿ, ಫ್ರಮ್ ಮಂಡೇ ಟು ವೆಡ್ನೆಸ್ಡೇ ಅಂತ, ಇಲ್ಲಾ ಮುಂದಿನ ಸೋಮವಾರದಿಂದ ರಜಾ ಅನ್ನೋವಾಗ ಬಳಸಿ.

'ಹ್ಯಾಡ್' ಕಾಯಿಲೆ

ನನ್ನ ಪ್ರಕಾರ ನಮ್ಮ ಕಡೆ ಅತಿ ಹೆಚ್ಚು ಇರೋದು ಇದೇ, ಸಿನ್ಸ್‌ಗಿಂತ ಹೆಚ್ಚು, ಆದ್ರೆ ಇದನ್ನ ಯಾರೂ ತಿದ್ದಲ್ಲ. 'ಐ ಹ್ಯಾಡ್ ಗಾನ್ ಟು ದಿ ಬ್ಯಾಂಕ್ ಯೆಸ್ಟರ್ಡೇ.' 'ಐ ಹ್ಯಾಡ್ ಸೆಂಟ್ ಯು ಎ ಮೇಲ್ ಲಾಸ್ಟ್ ವೀಕ್.' ದಿನಕ್ಕೆ ಹತ್ತು ಕೇಳ್ತೀನಿ, ನಾನೂ ಹೇಳ್ತಿದ್ದೆ.

ಎಲ್ಲಿಂದ ಬಂತು? ನಿನ್ನೆ ಬ್ಯಾಂಕಿಗೆ 'ಹೋಗಿದ್ದೆ' ಅನ್ನೋದರಿಂದ. ನಾವು ಸುಮ್ಸುಮ್ನೆ 'ಹೋಗಿದ್ದೆ' ಅನ್ನಲ್ಲ, ಅದಕ್ಕೆ ಒಂದು ಬೆಲೆ ಇದೆ. ಮನೆಗೆ ಬಂದ ತಕ್ಷಣ ಅಮ್ಮ 'ನಿನ್ನ ಫ್ರೆಂಡ್ ಬಂದಿದ್ದಾನೆ' ಅಂದ್ರೆ ಅವನು ಹಾಲಲ್ಲಿ ಕಾಫಿ ಕುಡೀತಾ ಕೂತಿದ್ದಾನೆ. 'ನಿನ್ನ ಫ್ರೆಂಡ್ ಬಂದಿದ್ದ' ಅಂದ್ರೆ ಬಂದ, ಕಾದ, ಹೋದ. ಒಂದು ಅಕ್ಷರದಲ್ಲಿ ಅಷ್ಟೂ ಇದೆ. ಹೋಗಿದ್ದೆ ಅಂದ್ರೆ ಹೋಗಿ ವಾಪಸ್ ಬಂದಿದ್ದೂ ಆಯ್ತು ಅಂತ. ಆ 'ಮುಗೀತು' ಅನ್ನೋ ಭಾವನೇನ ಇಂಗ್ಲಿಷಿಗೆ ಸಾಗಿಸೋಕೆ ನಾವು ಹ್ಯಾಡ್ ಹಾಕ್ತೀವಿ. ಆದ್ರೆ ಇಂಗ್ಲಿಷಲ್ಲಿ ಆ ಕೆಲಸ ಬರೀ 'ವೆಂಟ್' ಮಾಡ್ಬಿಡುತ್ತೆ. ಹ್ಯಾಡ್ ಗಾನ್ ಕೇಳಿದವರು ಇನ್ನೊಂದು ಘಟನೆಗೆ ಕಾಯ್ತಾ ಕೂರ್ತಾರೆ, ಬ್ಯಾಂಕಿಗೆ ಹೋಗಿದ್ದೆ, ಸರಿ, ಯಾವುದಕ್ಕಿಂತ ಮೊದಲು?

ಚೆಕ್ ಏನು ಅಂದ್ರೆ, ಹ್ಯಾಡ್ ಕಂಡ ತಕ್ಷಣ ಅಕ್ಕಪಕ್ಕದಲ್ಲಿ ಆಗಿಹೋದ ಇನ್ನೊಂದು ಘಟನೆ ಇದೆಯಾ ಹುಡುಕಿ. 'ಬೈ ದ ಟೈಮ್ ಐ ರೀಚ್ಡ್ ಮೆಜೆಸ್ಟಿಕ್, ದಿ ಬಸ್ ಹ್ಯಾಡ್ ಲೆಫ್ಟ್.' ಇಲ್ಲಿ ನಾನು ತಲುಪಿದ್ದು ಒಂದು, ಅದಕ್ಕೂ ಮೊದಲು ಬಸ್ ಹೊರಟಿದ್ದು ಇನ್ನೊಂದು, ಹ್ಯಾಡ್ ನ್ಯಾಯವಾಗಿದೆ. ಎರಡನೇ ಘಟನೆ ಸಿಗ್ಲಿಲ್ವಾ, ಹ್ಯಾಡ್ ಕಿತ್ತುಹಾಕಿ. 1947ರಲ್ಲಿ ಹಾನ್ಸ್ ರೈಖೆನ್‌ಬಾಖ್ ಅನ್ನೋ ತತ್ವಶಾಸ್ತ್ರಜ್ಞರು ಟೆನ್ಸನ್ನ ಮೂರು ಚುಕ್ಕಿ ಇಟ್ಟು ವಿವರಿಸಿದ್ರು, ಮಾತಾಡೋ ಹೊತ್ತು, ಘಟನೆ ಆದ ಹೊತ್ತು, ಯಾವ ಹೊತ್ತಲ್ಲಿ ನಿಂತು ನೋಡ್ತಿದ್ದೀವಿ ಅನ್ನೋದು. ಹ್ಯಾಡ್‌ಗೆ ಮೂರೂ ಬೇರೆ ಬೇರೆ ಕಡೆ ಇರಬೇಕು. ಬ್ಯಾಂಕ್ ವಾಕ್ಯದಲ್ಲಿ ಇರೋದು ಎರಡೇ ಚುಕ್ಕಿ.

ಇದರ ಅಣ್ಣ ಇನ್ನೊಬ್ಬ ಇದ್ದಾನೆ, 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ'. 'ನಿನ್ನೆ ನಾನೇ ನೋಡಿದ್ದೀನಿ ಕಣ್ರೀ' ಅಂತ ಸಾಕ್ಷಿ ಹೇಳೋ ದನಿ ಅದು. ಯೆಸ್ಟರ್ಡೇ ಬಾಗಿಲು ಹಾಕಿದೆ ಅಂತ ಮೇಲೆನೇ ಹೇಳಿದ್ನಲ್ಲ, ಆದ್ದರಿಂದ 'ಐ ಸಾ ಹಿಮ್ ಯೆಸ್ಟರ್ಡೇ'.

ಕನ್ನಡದಲ್ಲೇ ಇರೋ ಮೀಟರು

ಹ್ಯಾವ್ ಬೇಕಾ ಸಿಂಪಲ್ ಪಾಸ್ಟ್ ಸಾಕಾ ಅಂತ ಇನ್ನೂ ಅನುಮಾನ ಇದ್ರೆ ವಾಕ್ಯನ ಇಲ್ಲ ಅನ್ನೋ ಹಾಗೆ ತಿರುಗಿಸಿ ನೋಡಿ. 'ಬಂದಿಲ್ಲ' ಮತ್ತು 'ಬರ್ಲಿಲ್ಲ', ನಮಗೆ ಇವೆರಡೂ ಬೇರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕರೆಂಟ್ ಇನ್ನೂ ಬಂದಿಲ್ಲ, ಅಂದ್ರೆ ಕಾಯ್ತಾ ಇದ್ದೀವಿ, ಬರಬಹುದು. ನಿನ್ನೆ ರಾತ್ರಿ ಕರೆಂಟ್ ಬರ್ಲಿಲ್ಲ, ಅಂದ್ರೆ ರಾತ್ರಿ ಕಳೀತು, ಆ ಮಾತು ಅಲ್ಲಿಗೆ ಮುಗೀತು. ಬಂದಿಲ್ಲ ಅಂದ್ರೆ ಹ್ಯಾಸ್ ನಾಟ್ ಕಮ್, ಬರ್ಲಿಲ್ಲ ಅಂದ್ರೆ ಡಿಡ್ ನಾಟ್ ಕಮ್. ನಾನು ಸರ್ವರ್ ಮೇಲ್ ಕಳಿಸೋ ಮುಂಚೆ 'ಸರ್ವರ್ ಎದ್ದಿಲ್ಲ'ನಾ 'ಸರ್ವರ್ ಏಳ್ಲಿಲ್ಲ'ನಾ ಅಂತ ಒಂದ್ಸಲ ಗೊಣಗಿಕೊಂಡಿದ್ರೂ ಸಾಕಿತ್ತು.

ಎಲ್ಲಾ ಕಡೆ ಹಿಡಿಯುತ್ತೆ ಅಂತ ಹೇಳಲ್ಲ, 'ನಿನ್ನೆ ಬಂದಿಲ್ಲ ಅವನು' ಅನ್ನೋರೂ ಇದ್ದಾರೆ, ಅವರ ಬಾಯಲ್ಲಿ ಈ ಮೀಟರ್ ಓಡಲ್ಲ. ಇನ್ನೂ ಒಂದು, ಇದು ಇಲ್ಲ ಅನ್ನೋ ವಾಕ್ಯದಲ್ಲಿ ಮಾತ್ರ ನಂಬಿಕಸ್ಥ. ಹೌದು ಅನ್ನೋ ಕಡೆ ನಾವು ಬಹಳ ಧಾರಾಳ. 'ಊಟ ಆಯ್ತಾ?' ಅಂತ ಭೂತಕಾಲದಲ್ಲಿ ಕೇಳ್ತೀವಿ, ಇಂಗ್ಲಿಷಲ್ಲಿ ಅದು 'ಹ್ಯಾವ್ ಯು ಈಟನ್'. ಬಸ್ಸು ಇನ್ನೂ ತಿರುವಲ್ಲಿ ಕಾಣಿಸ್ತಿದ್ದ ಹಾಗೇ 'ಬಸ್ ಬಂತು, ಬಸ್ ಬಂತು' ಅಂತ ಚೀಲ ಎತ್ಕೋತೀವಿ. ಫೋನಲ್ಲಿ 'ಬಂದೆ ಬಂದೆ, ಎರಡೇ ನಿಮಿಷ' ಅನ್ನೋನು ಇನ್ನೂ ಚಪ್ಪಲಿ ಹುಡುಕ್ತಾ ಇರ್ತಾನೆ. ಇದನ್ನ 'ಐ ಕೇಮ್' ಅಂತ ಹೇಳಿದ್ರೆ ಆ ಕಡೆಯವರು ಬಾಗಿಲು ತೆಗೆದು ನೋಡ್ತಾರೆ.

ವಿಲ್ ಎಲ್ಲಿ ಬೇಡ

'ವೆನ್ ಐ ವಿಲ್ ರೀಚ್, ಐ ವಿಲ್ ಕಾಲ್ ಯು.' ಇಲ್ಲಿ ಮೊದಲನೇ ವಿಲ್ ಬೇಡ, 'ವೆನ್ ಐ ರೀಚ್, ಐ ವಿಲ್ ಕಾಲ್ ಯು'. ಮುಂದಿನ ಮಾತು ಅಂತ ಎರಡನೇ ವಿಲ್ ಹೇಳಿ ಆಗಿದೆ, ಎರಡು ಸಲ ಟಿಕೆಟ್ ತಗೋಬೇಕಿಲ್ಲ. ಇಫ್, ಆಫ್ಟರ್, ಬಿಫೋರ್, ಅಂಟಿಲ್, ಆಸ್ ಸೂನ್ ಆಸ್, ಎಲ್ಲಕ್ಕೂ ಇದೇ.

ಆದ್ರೆ 'ಐ ಡೋಂಟ್ ನೋ ವೆನ್ ಹಿ ವಿಲ್ ಕಮ್' ಅಂತಾರಲ್ಲ, ಅಲ್ಲಿ ವೆನ್ ಪಕ್ಕ ವಿಲ್ ಇದೆಯಲ್ಲ ಅಂತ ಕೇಳಬಹುದು. ಹೌದು, ಅದೂ ಸರಿ. ವೆನ್ ಎರಡು ಇವೆ, ಇಂಗ್ಲಿಷಲ್ಲಿ ಒಂದೇ ಥರ ಕಾಣ್ತವೆ, ಕನ್ನಡದಲ್ಲಿ ಬೇರೆ ಬೇರೆ. 'ಯಾವಾಗ ಬರ್ತಾನೋ ಗೊತ್ತಿಲ್ಲ', ಇಲ್ಲಿ 'ಯಾವಾಗ' ಇದೆ, ವಿಲ್ ಬರ್ಲಿ. 'ಅವನು ಬಂದಾಗ ಹೇಳ್ತೀನಿ', ಇಲ್ಲಿ 'ಬಂದಾಗ', ವಿಲ್ ಬೇಡ. ಬಂದಾಗ, ಬಂದ ಮೇಲೆ, ಬಂದ್ರೆ, ಬರೋ ತನಕ, ಬರೋ ಮುಂಚೆ, ಈ ಗುಂಪಿನ ಯಾವುದೇ ಇದ್ರೂ ಇಂಗ್ಲಿಷಲ್ಲಿ ಬರೀ 'ಕಮ್ಸ್'. ನಮ್ಮ 'ಬಂದ' ನೋಡಿ ಮೋಸ ಹೋಗಿ 'ಇಫ್ ಹಿ ಕೇಮ್ ಟುಮಾರೋ ಐ ವಿಲ್ ಟೆಲ್' ಅಂತ ಬರೆಯೋರೂ ಇದ್ದಾರೆ, ಅದು ಅವನು ಬರೋದೇ ಅನುಮಾನ ಅನ್ನೋ ದಾರಿಗೆ ಹೊರಳುತ್ತೆ.

ಹಾಗಂತ ನಾಳೆ ಅಂದ ಕೂಡಲೇ ವಿಲ್ ಬೇಕು ಅಂತಲೂ ಅಲ್ಲ. ಟೈಮ್‌ಟೇಬಲ್ ಪ್ರಕಾರ ನಡೆಯೋದಕ್ಕೆ ವರ್ತಮಾನನೇ ಸಾಕು, 'ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ'. ಇದು ನಮಗೆ ಕಷ್ಟ ಆಗಬಾರದು, 'ನಾಳೆ ಆರಕ್ಕೆ ಹೊರಡುತ್ತೆ', 'ದಿನಾ ಆರಕ್ಕೆ ಹೊರಡುತ್ತೆ', ನಮ್ಮ ಆಡುಮಾತಲ್ಲಿ ಎರಡಕ್ಕೂ ಒಂದೇ ರೂಪ.

ಚಿಲ್ಲರೆ ದೋಷಗಳು

'ದಿನಾ ಹೋಗ್ತಾ ಇದ್ದೀನಿ' ನೋಡಿ 'ಡೈಲಿ ಐ ಆಮ್ ಗೋಯಿಂಗ್ ಟು ಜಿಮ್' ಅನ್ನಬೇಡಿ, ರೂಢಿ ಆದ್ರೆ 'ಐ ಗೋ'. ಈಗೀಗ ಶುರು ಮಾಡಿ ಎಷ್ಟು ದಿನ ನಡೆಯುತ್ತೋ ಅನ್ನೋ ಹಾಗಿದ್ರೆ 'ದೀಸ್ ಡೇಸ್ ಐ ಆಮ್ ಗೋಯಿಂಗ್' ಸರಿ, ಜಿಮ್ ವಿಷಯದಲ್ಲಿ ಬಹುತೇಕರಿಗೆ ಇದೇ ಸತ್ಯ.

'ಎರಡು ದಿನದ ಹಿಂದೆ'ಗೆ 'ಬಿಫೋರ್ ಟೂ ಡೇಸ್' ಅಲ್ಲ, 'ಟೂ ಡೇಸ್ ಅಗೋ', ಜೊತೆಗೆ ಸಿಂಪಲ್ ಪಾಸ್ಟ್. 'ಟುಡೇ ಮಾರ್ನಿಂಗ್' ಅಲ್ಲ 'ದಿಸ್ ಮಾರ್ನಿಂಗ್'. 'ಐದು ಗಂಟೆ ಒಳಗೆ'ಗೆ 'ವಿತಿನ್ ಫೈವ್ ಓ ಕ್ಲಾಕ್' ಅಲ್ಲ, 'ಬೈ ಫೈವ್'. ಒಳಗೆ ಅಂದ್ರೆ ಬೈ, ತನಕ ಅಂದ್ರೆ ಅಂಟಿಲ್, ಇದು ಅದಲು ಬದಲಾದ್ರೆ ಡೆಡ್‌ಲೈನ್ ಜಗಳ ಗ್ಯಾರಂಟಿ.

ಆಮೇಲೆ ಅಮೆರಿಕದವರು 'ಡಿಡ್ ಯು ಈಟ್ ಯೆಟ್', 'ಐ ಜಸ್ಟ್ ಸೆಂಟ್ ಇಟ್' ಅಂತ ಬರೆದ್ರೆ ತಿದ್ದೋಕೆ ಹೋಗಬೇಡಿ. ಬ್ರಿಟಿಷರು ಹ್ಯಾವ್ ಹಾಕೋ ಕಡೆ ಅವರು ಸಿಂಪಲ್ ಪಾಸ್ಟಲ್ಲೇ ಸುಧಾರಿಸ್ತಾರೆ. ಆದ್ರೆ ಸಿನ್ಸ್ ವಿಷಯದಲ್ಲಿ ಅವರೂ 'ಐ ಆಮ್ ವರ್ಕಿಂಗ್ ಸಿನ್ಸ್' ಅನ್ನಲ್ಲ.

ಒಂದು ಪೂರ್ತಿ ರಿಪೇರಿ

ಮೊನ್ನೆ ಅಕ್ಕನ ಮಗಳು ರಜಾ ಅರ್ಜಿ ಬರ್ಕೊಂಡು ಬಂದಿದ್ಲು. ಹೀಗಿತ್ತು: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್, ಐ ಆಮ್ ನಾಟ್ ಕಮಿಂಗ್ ಟು ಸ್ಕೂಲ್ ಫ್ರಮ್ ಮಂಡೇ. ಡಾಕ್ಟರ್ ಹ್ಯಾಡ್ ಟೋಲ್ಡ್ ಮಿ ಟು ಟೇಕ್ ರೆಸ್ಟ್ ಯೆಸ್ಟರ್ಡೇ. ವೆನ್ ಐ ವಿಲ್ ಬಿಕಮ್ ಆಲ್‌ರೈಟ್ ಐ ವಿಲ್ ಕಮ್.' ನಾನೂ ಶಾಲೇಲಿ ಹೀಗೇ ಬರೀತಿದ್ದೆ, ಸಫರಿಂಗ್ ಫ್ರಮ್ ಫೀವರ್ ಇಲ್ಲದ ಅರ್ಜಿ ನಾನು ನೋಡೇ ಇಲ್ಲ.

ವೆನ್ ಪಕ್ಕದ ವಿಲ್ ತೆಗೆಸಿದೆ. ಯೆಸ್ಟರ್ಡೇ ಇದೆ, ಎರಡನೇ ಘಟನೆ ಇಲ್ಲ, ಅದಕ್ಕೇ ಹ್ಯಾಡ್ ಟೋಲ್ಡ್ ಹೋಗಿ ಟೋಲ್ಡ್ ಆಯ್ತು. ಮೂರು ದಿನದಿಂದ ಅಂದ್ರೆ ಎಷ್ಟು ದಿನದಿಂದ, ಆದ್ದರಿಂದ ಫಾರ್. 'ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್ ಅಂಡ್ ಹ್ಯಾವ್ ನಾಟ್ ಬೀನ್ ಏಬಲ್ ಟು ಕಮ್ ಟು ಸ್ಕೂಲ್ ಸಿನ್ಸ್ ಮಂಡೇ' ಅಂತ ಬರೆಸಿದೆ, ಖುಷಿನೂ ಆಯ್ತು. ಆಮೇಲೆ ನೆನಪಾಗಿ ಕೇಳಿದೆ, ಈ ಅರ್ಜಿ ಯಾವಾಗ ಕೊಡ್ತೀಯ ಪುಟ್ಟಿ?

'ನಾಳೆ ಸ್ಕೂಲಿಗೆ ಹೋದಾಗ ಕೊಡೋದು. ಜ್ವರ ಬೆಳಿಗ್ಗೆನೇ ಬಿಡ್ತಲ್ಲಾ ಮಾವ.'

ಬಾಗಿಲು ಹಾಕಿ ಆಗಿದೆ! ಹ್ಯಾವ್ ಎಲ್ಲಾ ಹೊಡೆದುಹಾಕಿ, ಆ ಕೊನೇ ವಾಕ್ಯನೂ ತೆಗೆಸಿ, 'ಐ ಹ್ಯಾಡ್ ಫೀವರ್ ಫ್ರಮ್ ಮಂಡೇ ಟು ವೆಡ್ನೆಸ್ಡೇ ಅಂಡ್ ಕುಡ್ ನಾಟ್ ಕಮ್ ಟು ಸ್ಕೂಲ್' ಅಂತ ಬರಿ ಅಂದೆ. ಪೆನ್ನು ಮೇಲೆತ್ತಿ ಮುಖ ನೋಡಿದ್ಲು.

'ಈಗಷ್ಟೇ ಹ್ಯಾಡ್ ಹಾಕ್ಬೇಡ ಅಂದ್ರಿ.'

'ಅದು ಬೇರೆ ಹ್ಯಾಡ್ ಪುಟ್ಟಿ, ಅದು ಟೋಲ್ಡ್ ಹಿಂದೆ ನಿಂತ್ಕೊಂಡಿತ್ತು, ಇದು ಒಂಟಿ, ಇದೇ ವರ್ಬು' ಅಂದೆ. ಇನ್ನೂ ಬಿಡಿಸಿ ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಅರ್ಜಿ ಮಡಚಿ ಬ್ಯಾಗಿಗೆ ಹಾಕ್ಕೊಂಡು ಟಿವಿ ಮುಂದೆ ಹೋಗಿ ಕೂತ್ಲು.